ಟರ್ನ್‌ಟೇಬಲ್ ಬದಲಿಸಬೇಕಾ? ಮೊದಲು ಸೂಜಿ ನೋಡಿ

ಪುಣೆಯಲ್ಲಿ ನಮ್ಮ ಕಡೆಯ ಸಂಗೀತದ ಹುಚ್ಚಿನವರು ನಾಲ್ಕು ಜನ ಸೇರಿದರೆ ಸಾಕು, ಮಾತು ರೆಕಾರ್ಡ್ ಹಾಕಿ ಕೇಳುವ ಟರ್ನ್‌ಟೇಬಲ್ ಕಡೆಗೆ ಹೊರಳುತ್ತದೆ. ಯಾರು ಯಾವುದು ತಂದರು, ಎಷ್ಟು ಕೊಟ್ಟರು, ಮುಂದೆ ಯಾವುದು. ನನ್ನ ಹತ್ತಿರ ಇರುವುದು ಆಡಿಯೋ ಟೆಕ್ನಿಕಾದ ಎಲ್‌ಪಿ120ಎಕ್ಸ್. ಈ ದಸರಾಕ್ಕೆ ಅದನ್ನು ಮಾರಿ ಲಕ್ಷ ದಾಟುವ ಟೆಕ್ನಿಕ್ಸ್ ತರಬೇಕು ಅಂತ ತಲೆಯಲ್ಲಿ ಹುಳ ಕೊರೆಯುತ್ತಿತ್ತು. ಈಗ ಬೇಡ ಅಂತ ತೀರ್ಮಾನ ಮಾಡಿದ್ದೇನೆ. ದುಡ್ಡು ಒಂದು ಕಾರಣ, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ದೊಡ್ಡ ಕಾರಣ ಹಿಂದೂಸ್ತಾನಿ ಸಂಗೀತದ ಖಯಾಲ್ ಗಾಯನ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರಗಿನ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೀರು, ಅಂದರೆ ಸಂಗೀತ ಕೆತ್ತಿರುವ ಸಣ್ಣ ಕಾಲುವೆ, ಹಾದು ಹೋಗುತ್ತದೆ. ಲೇಬಲ್ ಹತ್ತಿರ ಬಂದಾಗ ಬರೀ 21 ಸೆಂ.ಮೀ. ಅಂದರೆ ಅಷ್ಟೇ ಸ್ವರಗಳನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತಾರೆ. ಆ ಇಕ್ಕಟ್ಟಿನ ತಿರುವುಗಳಲ್ಲಿ ದಪ್ಪ ತುದಿಯ ಸೂಜಿ ಸರಿಯಾಗಿ ಇಳಿಯುವುದಿಲ್ಲ. ಧ್ವನಿ ಒಡೆಯುತ್ತದೆ.

ಈಗ ಒಂದು ಖಯಾಲ್ ರೆಕಾರ್ಡ್ ನೆನಪಿಸಿಕೊಳ್ಳಿ. ಶುರುವಿನಲ್ಲಿ ವಿಲಂಬಿತ್. ಆರಾಮಾಗಿ, ಒಂದೊಂದೇ ಸ್ವರ. ಅದು ಕೂತಿರುವುದು ವಿಶಾಲವಾದ ಹೊರ ಅಂಚಿನಲ್ಲಿ. ಇಪ್ಪತ್ತು ನಿಮಿಷದ ಹೊತ್ತಿಗೆ ವೇಗದ ದ್ರುತ್, ಮೇಲಿಂದ ತಾನ್‌ಗಳ, ಅಂದರೆ ಸರಸರನೆ ಓಡುವ ಸ್ವರಸಾಲುಗಳ, ಸುರಿಮಳೆ. ಅದು ಬರುವುದು ಲೇಬಲ್ ಪಕ್ಕದಲ್ಲೇ, ರೆಕಾರ್ಡ್ ಅತ್ಯಂತ ದುರ್ಬಲವಾಗಿರುವ ಜಾಗದಲ್ಲಿ! ಪಾಪ್ ಹಾಡುಗಳ ರೆಕಾರ್ಡಾದರೆ ಕೊನೆಗೆ ಮೆತ್ತಗಿನ ಹಾಡೊಂದನ್ನು ಇಟ್ಟು ತಪ್ಪಿಸಿಕೊಳ್ಳಬಹುದು. ದ್ರುತ್ ಮೊದಲು ಹಾಡಿ ವಿಲಂಬಿತ್ ಆಮೇಲೆ ಹಾಡೋಕೆ ಆಗತ್ತಾ? ಗದಗದ ಕಡೆಯಿಂದ ಬಂದು ಇದೇ ಪುಣೆಯಲ್ಲಿ ನೆಲೆಸಿದ ಗಾಯಕ ಭೀಮಸೇನ ಜೋಶಿಯವರ ತಾನ್ ಕೇಳುವಾಗ ಆ ಗರಗರ ಬಂದರೆ ಎಷ್ಟು ಸಂಕಟ ಅಂತ ಕೇಳಿದವರಿಗೇ ಗೊತ್ತು.

ಸದಾಶಿವ ಪೇಟೆಯಲ್ಲಿ ಧಾರವಾಡ ಮೂಲದ ಕಾಕಾ ಒಬ್ಬರಿದ್ದಾರೆ. ಟೆಕ್ನಿಕ್ಸ್ ವಿಷಯ ಎತ್ತಿದ ತಕ್ಷಣ ಕೇಳಿದರು, “ಹೊಸಾ ಮಶೀನ್ ತರ್ಲಿಕ್ಕೆ ಹೊಂಟೀ ಏನೋ ತಮ್ಮಾ? ಕಡೀಕೆ ತಾನ್ ಒಡೀತಾವೇನು, ಅದನ್ನ ಮೊದ್ಲ ಹೇಳು.”

“ಒಡೀತಾವ್ರೀ ಕಾಕಾ.”

“ಮತ್ತ ಸೂಜಿ ಬದಲಸೋ. ಮಶೀನ್ ಯಾಕ ಬದಲಸ್ತಿ?”

ಕಾಕಾ ಹೇಳಿದ್ದು ಸರಿ. ನನ್ನ ಟರ್ನ್‌ಟೇಬಲ್ ಜೊತೆಗೆ ಬಂದದ್ದು ವಿಎಂ95ಇ ಕಾರ್ಟ್ರಿಜ್, ಅಂದರೆ ಸೂಜಿ ಕೂರುವ ಪುಟ್ಟ ಡಬ್ಬಿ. ಇದರ ಸೂಜಿಯ ತುದಿ ಎಲಿಪ್ಟಿಕಲ್, ಅಂದರೆ ಮೊಟ್ಟೆಯಾಕಾರದ್ದು. ಅದೇ ಕಾರ್ಟ್ರಿಜ್ಜಿಗೆ ಮೈಕ್ರೋಲೀನಿಯರ್ ಸೂಜಿಯೂ ಸಿಗುತ್ತದೆ. ಹಳೆಯದನ್ನು ಎಳೆದು ತೆಗೆದು ಹೊಸದನ್ನು ತಳ್ಳಿದರೆ ಆಯಿತು, ಸ್ಕ್ರೂಡ್ರೈವರ್ ಕೂಡ ಬೇಡ. ಇದರ ತುದಿ ತೀರಾ ತೆಳು, ಕೊನೆಯ ಗೀರುಗಳಲ್ಲೂ ಸಲೀಸಾಗಿ ಇಳಿಯುತ್ತದೆ. ಬೆಲೆ ಜಾಸ್ತಿ, ನಿಜ. ಆದರೆ ಕಂಪನಿಯವರೇ ಕೊಡುವ ಲೆಕ್ಕದಲ್ಲಿ ಎಲಿಪ್ಟಿಕಲ್‌ಗೆ ಸುಮಾರು 300 ಗಂಟೆ ಆಯಸ್ಸು, ಮೈಕ್ರೋಲೀನಿಯರ್‌ಗೆ 1000. ದಿನಕ್ಕೊಂದು ಗಂಟೆ ಕೇಳುವವರಿಗೆ 300 ಗಂಟೆ ಅಂದರೆ ಒಂದು ವರ್ಷವೂ ಇಲ್ಲ. ಆರ್ಟೋಫಾನ್ 2ಎಂ ರೆಡ್ ಕಾರ್ಟ್ರಿಜ್ ಇರುವವರಿಗೂ ಇಂಥ ದಾರಿ ಇದೆ. ಅದೇ ಕಾರ್ಟ್ರಿಜ್ಜಿಗೆ 2ಎಂ ಬ್ಲೂ ಸೂಜಿ ಕೂರುತ್ತದೆ.

ಇನ್ನೊಂದು ಕೆಲಸಕ್ಕೆ ಕಾಸೂ ಬೇಡ. ಕಾರ್ಟ್ರಿಜ್ ಕೂರಿಸುವ ಕೋನ. ಕಾರ್ಟ್ರಿಜ್ ಹೊತ್ತ ತೋಳು (ಟೋನ್‌ಆರ್ಮ್) ಕಮಾನಿನಂತೆ ಚಲಿಸುವುದರಿಂದ ಸೂಜಿಯ ಕೋನ ಪೂರ್ತಿ ಸರಿಯಾಗಿರುವುದು ರೆಕಾರ್ಡಿನ ಎರಡೇ ಜಾಗದಲ್ಲಿ. ಎಲ್ಲರೂ ಹೇಳುವ ಬೇರ್ವಾಲ್ಡ್ ಪದ್ಧತಿಯಲ್ಲಿ ಆ ಜಾಗಗಳು ನಡುವಿನಿಂದ ಸುಮಾರು 66 ಮತ್ತು 121 ಮಿ.ಮೀ. ದೂರ. ಸ್ಟೀವನ್ಸನ್ ಪದ್ಧತಿಯಲ್ಲಿ 60 ಮತ್ತು 117. ಅಂದರೆ ಒಳಗಿನ ಜಾಗ ಲೇಬಲ್‌ಗೆ ಇನ್ನೂ ಹತ್ತಿರ, ಹಾಗಾಗಿ ಸ್ಟೀವನ್ಸನ್ ಸಂಗೀತದ ಕೊನೆಯ ತುದಿಯನ್ನೇ ಕಾಪಾಡುತ್ತದೆ. ನಡುವೆ ಕೊಂಚ ಬಿಟ್ಟುಕೊಡಬೇಕು, ಪರವಾಗಿಲ್ಲ. ತಾನ್ ಕೊನೆಗೆ ಬರುವ ಸಂಗೀತಕ್ಕೆ ಇದೇ ಸರಿ ಅನ್ನೋದು ನನ್ನ ವಾದ. ಈ ಕೋನ ನೋಡುವ ಪ್ರೊಟ್ರಾಕ್ಟರ್ ಹಾಳೆಯನ್ನು ಮನೆಯಲ್ಲೇ ಪ್ರಿಂಟ್ ಮಾಡಬಹುದು. ಅಳತೆ ಹಿಗ್ಗದೆ ಕುಗ್ಗದೆ ಬಂದಿದೆಯಾ ಅಂತ ಸ್ಕೇಲ್ ಇಟ್ಟು ನೋಡಿ, ಅಷ್ಟೇ.

ನಮ್ಮ ಹಳೇ ಎಲ್‌ಪಿಗಳಲ್ಲಿ ಮೊನೊ, ಅಂದರೆ ಒಂದೇ ಚಾನೆಲ್ಲಿನವು, ಬಹಳ. ಮೊನೊದಲ್ಲಿ ಸಂಗೀತ ಇರುವುದು ಸೂಜಿಯ ಎಡಬಲದ ಓಲಾಟದಲ್ಲಿ ಮಾತ್ರ. ಸ್ಟೀರಿಯೋ ಕಾರ್ಟ್ರಿಜ್ ಮೇಲೆಕೆಳಗಿನ ಕುಣಿತವನ್ನೂ ಓದುತ್ತದೆ. ಅಲ್ಲಿರುವುದು ಧೂಳು, ಚಟಪಟ. ಎರಡೂ ಚಾನೆಲ್ ಕೂಡಿಸಿಬಿಟ್ಟರೆ ಆ ಕುಣಿತದ ಸದ್ದು ಒಂದಕ್ಕೊಂದು ಹೊಡೆದುಹೋಗುತ್ತದೆ. ಆಂಪ್ಲಿಫೈಯರ್‌ನಲ್ಲಿ ಮೊನೊ ಬಟನ್ ಇದ್ದರೆ ಒತ್ತಿ. ಇಲ್ಲದಿದ್ದರೆ ಪುಣೆಯ ಎಲೆಕ್ಟ್ರಾನಿಕ್ಸ್ ಪೇಟೆ ತಪಕೀರ್ ಗಲ್ಲಿಯಲ್ಲಿ, ಎರಡು ಚಾನೆಲ್ ಒಂದಾಗಿಸುವ ಒಂದು ಜೋಡಿ ವೈ ಕೇಬಲ್ ತನ್ನಿ. ಲಕ್ಷದ ಮಶೀನಿಗಿಂತ ಈ ಕೇಬಲ್ಲು ನನಗೆ ಹೆಚ್ಚು ಸುಖ ಕೊಟ್ಟಿದೆ.

ಹಾಗಂತ ಯಾರೂ ಟರ್ನ್‌ಟೇಬಲ್ ಬದಲಿಸಲೇಬಾರದು ಅಂತಲ್ಲ. ಸೂಟ್‌ಕೇಸ್ ಥರದ, ಸೆರಾಮಿಕ್ ಕಾರ್ಟ್ರಿಜ್ ಇರುವ ಪ್ಲೇಯರ್ ಇದ್ದರೆ ಇವತ್ತೇ ಬದಲಿಸಿ. ಅವು ಐದಾರು ಗ್ರಾಂ ಭಾರ ಹೇರುತ್ತವೆ, ನನ್ನದು ಕೂರುವುದು ಎರಡು ಗ್ರಾಂನಲ್ಲಿ. ಗೀರು ಒಮ್ಮೆ ಸವೆದರೆ ಯಾವ ದೇವರೂ ತುಂಬಿಕೊಡುವುದಿಲ್ಲ. ತಂಬೂರಿಯ ನಾದ ಅಲೆಅಲೆಯಾಗಿ ತೇಲುತ್ತಿದ್ದರೆ ವೇಗ ಸ್ಥಿರವಾಗಿಲ್ಲ ಅಂತ ಅರ್ಥ. ಆದರೆ ಅಲ್ಲೂ ಒಂದು ಸಲ ಬೇರೆ ರೆಕಾರ್ಡ್ ಹಾಕಿ ನೋಡಿ. ನಡುವಿನ ತೂತೇ ಪಕ್ಕಕ್ಕೆ ಸರಿದ ರೆಕಾರ್ಡುಗಳೂ ಇವೆ. ಅದಕ್ಕೆ ಮಶೀನ್ ಏನು ಮಾಡೀತು?

ಅಮೆರಿಕದಿಂದ ಅಣ್ಣ ತಂದುಕೊಡುತ್ತೇನೆ ಅಂದರೆ ಹುಷಾರು. ಬೆಲ್ಟ್‌ನಿಂದ ತಿರುಗುವ ಹಳೇ ಟರ್ನ್‌ಟೇಬಲ್‌ಗಳಲ್ಲಿ ಎಸಿ ಮೋಟಾರ್ ಇದ್ದರೆ ಅದು ಅಲ್ಲಿನ 60 ಹರ್ಟ್ಸ್ ಕರೆಂಟ್ ನಂಬಿಕೊಂಡಿರುತ್ತದೆ. ನಮ್ಮದು 50. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟ್ ಸರಿಹೋಗುತ್ತದೆ, ಹರ್ಟ್ಸ್ ಸರಿಹೋಗುವುದಿಲ್ಲ. 33⅓ ಇದ್ದದ್ದು 28ರ ಹತ್ತಿರಕ್ಕೆ ಇಳಿಯುತ್ತದೆ. ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಯಲ್ಲಿ ಹಾಡಿದವರು ಕೆಳಗಿನ ಕಪ್ಪು ಐದರಲ್ಲಿ ನರಳುತ್ತಾರೆ. ಬೆಲ್ಟ್ ಸುತ್ತುವ ಮೋಟಾರಿನ ಪುಲ್ಲಿ ಬದಲಿಸಬೇಕು, ಅದು ಸಿಗಬೇಕಲ್ಲ!

ಅಂಗಡಿಯ ಡೆಮೊ ಬಗ್ಗೆಯೂ ಒಂದು ಮಾತು. ಮುಂಬೈಯಲ್ಲಿ ಒಂದು ಕಡೆ ಕೇಳಿಸಿದರು. ಫಳಫಳ ಹೊಳೆಯುವ ವಿದೇಶಿ ರೆಕಾರ್ಡ್, ಅದೂ ಮೊದಲನೇ ಹಾಡು. ಅಲ್ಲಿ ಯಾವ ಸೂಜಿಯೂ ಚೆನ್ನಾಗೇ ಹಾಡುತ್ತದೆ. ನಾನು ಒಯ್ದಿದ್ದ, ಕೋಲ್ಕತ್ತಾದ ಡಂಡಂ ಕಾರ್ಖಾನೆಯ ಹಳೇ ಎಚ್‌ಎಂವಿ ರೆಕಾರ್ಡ್ ಕೈಗೆ ಕೊಟ್ಟು ಕೊನೆಯ ಮೂರು ನಿಮಿಷ ಹಾಕಿ ಅಂದೆ. ಅವರ ಮುಖ ಸ್ವಲ್ಪ ಸಣ್ಣಗಾಯಿತು. ಆದರೂ ಹಾಕಿದರು. ಲಕ್ಷದ ಮಶೀನಿನಲ್ಲೂ ತಾನ್‌ಗಳು ಒಡೆದವು, ಯಾಕಂದರೆ ಅದಕ್ಕೆ ಹಾಕಿದ್ದೂ ಸಾದಾ ಎಲಿಪ್ಟಿಕಲ್ಲೇ.

ಹಾಗಾಗಿ ಮೈಕ್ರೋಲೀನಿಯರ್ ಸೂಜಿಗೆ ಆರ್ಡರ್ ಹಾಕಿದ್ದೇನೆ. ಮಿಕ್ಕ ದುಡ್ಡಲ್ಲಿ ಮುಂದಿನ ಖರ್ಚು 78ರ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ರೆಕಾರ್ಡುಗಳ, ಸೂಜಿ. ಆ ಅರಗಿನ ತಟ್ಟೆಗಳ ಗೀರು ಅಗಲ, ಎಲ್‌ಪಿ ಸೂಜಿ ಅದರ ತಳಕ್ಕೆ ಬಿದ್ದು ಕಸ ಕೆರೆಯುತ್ತದೆ. ನನ್ನ ಮಶೀನಿನಲ್ಲಿ 78ರ ವೇಗ ಇದೆ. ರೇಗಾ ಪ್ಲೇನರ್ 1 ತಗೊಂಡಿದ್ದರೆ 33, 45 ಬಿಟ್ಟು ಬೇರೆ ಇರುತ್ತಿರಲಿಲ್ಲ. ಪುಣೆಯ ಹಳೇ ಸಾಮಾನಿನ ಜುನಾ ಬಜಾರಿನಲ್ಲಿ 78 ಕಂಡವರು ದಯವಿಟ್ಟು ತಿಳಿಸಿ. ಮತ್ತೆ, ಅವನ್ನು ತೊಳೆಯುವಾಗ ಆಲ್ಕೋಹಾಲ್ ಮಾತ್ರ ಮುಟ್ಟಿಸಬೇಡಿ, ಅರಗು ಕರಗುತ್ತದೆ.