ತೂರುವವರು, ತೂರಿಕೊಳ್ಳುವವರು

ಚುನಾವಣೆ ಹತ್ತಿರವಾದಾಗಲೆಲ್ಲ ಬಳ್ಳಾರಿ ಸೀಮೆಯ ವೇದಿಕೆಗಳಲ್ಲಿ, ನಿನ್ನೆಯವರೆಗೆ ಬೈದ ಪಕ್ಷದ ಶಲ್ಯವನ್ನು ಇಂದು ಹೊದ್ದುಕೊಂಡ ಮುಖಂಡರು ‘ಗಾಳಿ ಬಂದಾಗ ತೂರಿಕೋ ಎಂದು ಹಿರಿಯರೇ ಹೇಳಿಲ್ಲವೇ’ ಎಂದು ಕೇಳುತ್ತಾರೆ. ಹೇಳಿದ್ದಾರೆ, ನಿಜ. ಆದರೆ ಹಿರಿಯರು ಅದನ್ನು ಹೇಳಿದ್ದು ಜೋಳದ ಕಣದಲ್ಲಿ, ಚುನಾವಣಾ ಕಣದಲ್ಲಲ್ಲ.

ಸುಗ್ಗಿಯಲ್ಲಿ ನೆಲ ಹದಮಾಡಿ, ಸೆಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತುಗಳ ಹಂತಿ ಕಟ್ಟಿ ತೆನೆ ತುಳಿಸಿದ ಮೇಲೆ, ಕಾಳೂ ಹೊಟ್ಟೂ ಬೆರೆತ ರಾಶಿಯ ಮುಂದೆ ರೈತ ಗಾಳಿಗಾಗಿ ಕಾಯುತ್ತಿದ್ದ. ಗಾಳಿ ಎದ್ದಿತೆಂದರೆ ನಡುರಾತ್ರಿಯಾದರೂ ಸರಿಯೇ, ಎತ್ತರದಲ್ಲಿ ನಿಂತು ಮೊರದಿಂದ ಸುರಿಯುತ್ತಿದ್ದ. ತೂಕವುಳ್ಳ ಕಾಳು ಕಾಲಬುಡದಲ್ಲಿಯೇ ಬೀಳುತ್ತಿತ್ತು, ಹೊಟ್ಟು ಗಾಳಿ ಬೀಸಿದತ್ತ ಹೋಗುತ್ತಿತ್ತು. ಗಾಳಿಯ ಜೊತೆಗೆ ಹಾರಿಹೋದ ಕಾಳನ್ನು ಯಾವ ಕಣವೂ ಕಂಡಿಲ್ಲ. ಆದ್ದರಿಂದ ಹಾರಿ ಬಂದವರು ಈ ಗಾದೆಯಲ್ಲಿ ತಮ್ಮ ಸ್ಥಾನ ಯಾವುದೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ತಪ್ಪು ಪೂರ್ತಿ ಅವರದಲ್ಲ, ಕನ್ನಡದ್ದೂ ಸ್ವಲ್ಪ ಇದೆ. ‘ತೂರು’ ಎಂದರೆ ರಾಶಿಯನ್ನು ಗಾಳಿಗೆ ಹಿಡಿಯುವುದೂ ಹೌದು, ಸಂದಿಯಲ್ಲಿ ನುಸುಳುವುದೂ ಹೌದು. ರೈತ ಮೊದಲನೆಯ ಅರ್ಥವನ್ನು ಇಟ್ಟುಕೊಂಡ, ಮುಖಂಡರಿಗೆ ಎರಡನೆಯದು ಒಗ್ಗಿತು. ಪಕ್ಷಾಂತರ ತಡೆಯಲೆಂದು 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯೆಂಬ ಗೋಡೆ ಕಟ್ಟಲಾಯಿತಾದರೂ, ರಾಜೀನಾಮೆ ಕೊಟ್ಟು, ಇನ್ನೊಂದು ಚಿಹ್ನೆಯ ಮೇಲೆ ಉಪಚುನಾವಣೆಗೆ ನಿಲ್ಲುವಷ್ಟು ಸಂದಿ ಅದರಲ್ಲಿ ಉಳಿಯಿತು. ಎರಡನೆಯ ಅರ್ಥಕ್ಕೆ ಅಷ್ಟು ಸಾಕಲ್ಲ.

ಮಣ್ಣಿನಲ್ಲೂ ಇದೇ ವ್ಯಾಕರಣ ನಡೆಯಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುನ್ನ ಚೀನಾದ ಉಕ್ಕಿನ ಹಸಿವಿನಿಂದ ಎದ್ದ ಗಾಳಿಗೆ ಸಂಡೂರು, ಹೊಸಪೇಟೆಯ ಸುತ್ತಲಿನ ಕಬ್ಬಿಣದ ಅದಿರಿನ ಗುಡ್ಡಗಳನ್ನೇ ತೂರಲಾಯಿತು. ಕಣದ ಲೆಕ್ಕ ಮಾತ್ರ ತಲೆಕೆಳಗಾಯಿತು: ಕಾಳು ಲಾರಿ ಹತ್ತಿ ಬಂದರು ಸೇರಿತು, ಕೆಂಧೂಳು ನಮ್ಮ ಬೆಳೆಯ ಮೇಲೆಯೂ ಎದೆಯೊಳಗೂ ಕುಳಿತಿತು. 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯ ಕುರಿತ ಲೋಕಾಯುಕ್ತ ವರದಿ ಬಂದು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವ ಹೊತ್ತಿಗೆ ತೂರಿಕೊಳ್ಳುವವರು ಸಾಕಷ್ಟು ತೂರಿಕೊಂಡಿದ್ದರು.

ಈಗ ಕಣ ಮಾಡುವ ವ್ಯವಧಾನವೂ ಜಾಗವೂ ಇಲ್ಲದ ರೈತ ಸಜ್ಜೆಯ ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರವುತ್ತಾನೆ. ಹೊಸ ಪಕ್ಷದ ಸಭೆಗೆ ಹೊರಟ ಮುಖಂಡರ ಹತ್ತಾರು ಕಾರುಗಳು ಅದನ್ನು ಪುಕ್ಕಟೆಯಾಗಿ ತುಳಿದುಕೊಡುತ್ತವೆ. ಅವು ಹೋದ ಮೇಲೆ ಕಾಳು ರಸ್ತೆಯ ಮೇಲಿರುತ್ತದೆ. ಹೊಟ್ಟು ಕಾರುಗಳ ಬೆನ್ನು ಹತ್ತಿ ಸಭೆಯ ಕಡೆಗೆ ಹೋಗುತ್ತದೆ.