ಒಂದೂವರೆ ವೇಗದ ರಸಿಕರು

ಶಿರಸಿಯ ನಮ್ಮ ಭಾವನವರು ಕಳೆದ ವಾರ ಪ್ರಶಸ್ತಿ ಪಡೆದ ಕನ್ನಡ ಚಿತ್ರವೊಂದನ್ನು ಮೊಬೈಲಿನಲ್ಲಿ ಒಂದೂವರೆ ಪಟ್ಟು ವೇಗಕ್ಕೆ ಏರಿಸಿ, ಎರಡು ತಾಸಿನ ಕೃತಿಯನ್ನು ಎಂಬತ್ತು ನಿಮಿಷಗಳಲ್ಲಿ ಮುಗಿಸಿ, "ಅರ್ಧ ತಾಸಾದ್ರೂ ಎಂತದೂ ಆಜಿಲ್ಲೆ ಮಾರಾಯಾ, ಬರೀ ಲ್ಯಾಗು" ಎಂದು ತೀರ್ಪಿತ್ತರು. ನಾಟ್ಯದ ಬಗ್ಗೆ ಮಾತನಾಡಲು ಪಾಪ ಭರತಮುನಿಗೆ ಎಂಟು ರಸಗಳು ಬೇಕಾಗಿದ್ದವು. ನಮಗೆ ಈ ಒಂದು ದೋಷ ಸಾಕು. ಮಳೆ ಸುರಿದರೆ ಲ್ಯಾಗು, ಮುದುಕಿ ಮೆಟ್ಟಿಲಿಳಿದರೆ ಲ್ಯಾಗು, ಪಾತ್ರವೊಂದು ಸುಮ್ಮನೆ ಕಿಟಕಿಯಾಚೆ ನೋಡಿತೆಂದರೆ ನಿರ್ದೇಶಕನಿಗೆ ಸಂಕಲನವೇ ಬಾರದು.

ಅದೇ ಭಾವನವರು ಯಕ್ಷಗಾನದ ಕುಳಿತು ಮಾತಾಡುವ ರೂಪವಾದ ತಾಳಮದ್ದಳೆಯ ಕಟ್ಟಾ ಅಭಿಮಾನಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ದೃಶ್ಯ ಬದಲಾಗುವ ಪ್ರಶ್ನೆಯೇ ಇಲ್ಲ. ಭಾಗವತರು ಮೂರು ನಿಮಿಷ ಹಾಡಿದ ಪದಕ್ಕೆ ಅರ್ಥಧಾರಿಗಳು ಅರ್ಧ ತಾಸು ಅರ್ಥ ಹೇಳುತ್ತಾರೆ. ಕೃಷ್ಣ ಹಸ್ತಿನಾವತಿಗೆ ಹೊರಟಾಗಲೇ ಸಂಧಾನ ಮುರಿಯುತ್ತದೆಂಬುದು ಸಭೆಯಲ್ಲಿ ತೂಕಡಿಸುವ ಮಗುವಿಗೂ ಗೊತ್ತು. ಆದರೂ ಇಂದಿನ ಕೌರವ ಯಾವ ಮಾತಿನಲ್ಲಿ ಅದನ್ನು ಮುರಿಯುತ್ತಾನೆಂದು ತಿಳಿಯಲು ಭಾವನವರು ಕವಳ ಹಾಕಿಕೊಂಡು ನಡುರಾತ್ರಿಯವರೆಗೆ ಕೂರುತ್ತಾರೆ. ಕಾಲಮಿತಿ ಬಂದ ಮೇಲೆ, ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನದ ಎಷ್ಟೋ ಪ್ರದರ್ಶನಗಳು ಮೂರು ತಾಸಿಗೆ ಇಳಿದಿವೆ ಎಂಬುದು ನಿಜ. ಆದರೆ ಅವನ್ನು ನೋಡಿ ಬಂದು "ಆಟವನ್ನು ಓಡಿಸಿಯೇ ಬಿಟ್ಟರು" ಎಂದು ಗೊಣಗುವವರೂ ಇವರೇ. ಹಂಗೇರಿಯ ಬೆಲಾ ತಾರ್ 1994ರಲ್ಲಿ ಏಳು ತಾಸಿಗೂ ಮಿಕ್ಕಿದ ಚಿತ್ರವೊಂದನ್ನು ಕೊಟ್ಟರು. ಹೊನ್ನಾವರದ ಗದ್ದೆಯಲ್ಲಿ ಚಾಪೆ ಹಾಸಿ ಆಟ ನೋಡಿದ ಹಳಬರಿಗೆ ಅದನ್ನು ತೋರಿಸಿದ್ದರೆ, ಬೆಳಕು ಹರಿಯುವ ಮೊದಲೇ ಮಂಗಳ ಹಾಡಿದ್ದೇಕೆಂದು ಕೇಳುತ್ತಿದ್ದರು.

ದೀರ್ಘಾವಧಿಯ ಕೃತಿಗಳಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಮೀರಿಸುವವರೂ ಇಲ್ಲ. ಕಳೆದ ಶತಮಾನದ ಕೊನೆಯಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದಲ್ಲಿ ಕಥಾನಾಯಕನಾದ ರೈಲು ಇನ್ನೂ ಪ್ರವೇಶವನ್ನೇ ಮಾಡಿಲ್ಲ, ಪ್ರೇಕ್ಷಕರು ಲ್ಯಾಗೆಂದು ಎದ್ದು ಹೋಗಿಯೂ ಇಲ್ಲ. ಹೃದಯಾಘಾತವಾದವರನ್ನು ಮಲಗಿಸಿಕೊಂಡು ಮಣಿಪಾಲಕ್ಕೋ ಗೋವೆಗೋ ಧಾವಿಸುವ ಆಂಬುಲೆನ್ಸಿನಲ್ಲಿ ಒಂದೂವರೆ ವೇಗದ ಗುಂಡಿ ಎಲ್ಲಿದೆಯೆಂದು ನಮಗೆ ಯಾರೂ ತೋರಿಸಿಕೊಟ್ಟಿಲ್ಲ.

ಇಂಥ ಜನರನ್ನು ಕುರಿತು ರಾಜಧಾನಿಯ ಸಂವಾದಗಳಲ್ಲಿ "ಪ್ರೇಕ್ಷಕರಿಗೆ ತಾಳ್ಮೆಯಿಲ್ಲ" ಎಂದು ನಿಟ್ಟುಸಿರು ಬಿಡಲಾಗುತ್ತದೆ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ, ಸ್ವರ್ಣಕಮಲ ಪಡೆದ 'ಘಟಶ್ರಾದ್ಧ' ಪುನಶ್ಚೇತನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವಕ್ಕೆ ಹೋಗಿ ಬಂತು. ಶಿರಸಿಯ ಪರದೆಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ಅಗ್ರಹಾರದ ಕಥೆಯನ್ನು ನೋಡಲು ಅಡಿಕೆ ಬೆಳೆಗಾರರು ಪಾಸ್‌ಪೋರ್ಟ್ ಮಾಡಿಸಬೇಕೇನೋ. ಸಿದ್ದಾಪುರ ದಾಟಿದರೆ ಸಿಗುವ ಸಾಗರ ಸೀಮೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿ, ಜಗತ್ತಿನ ಚಿತ್ರಗಳನ್ನು ಹಳ್ಳಿಗರ ಮುಂದಿಟ್ಟರು. ಭಾಷೆ ತಿಳಿಯದವರೂ ಕುಳಿತು ನೋಡಿದರು, ಏಕೆಂದರೆ ತೋರಿಸುವವರೊಬ್ಬರು ಇದ್ದರು. ಈಗ ಸಹಾಯಧನ ನಮ್ಮ ತೆರಿಗೆಯಿಂದ, ಕೀರ್ತಿ ನಮ್ಮ ಭಾಷೆಗೆ, ತೋರಿಸುವುದಕ್ಕೆ ಮಾತ್ರ ಒಂದು ಪರದೆಯಿಲ್ಲ. ತೋರಿಸದೆಯೇ ನೋಡುವವರಿಲ್ಲವೆಂದು ಅಳುವುದು ಸೋಗಲಾಡಿತನ. ಅದನ್ನು ಕೇಳಿ ಕೇಳಿ ಸಾಕಾಗಿದೆ.

ಆದ್ದರಿಂದ ಭಾವನವರನ್ನು ಹೆಚ್ಚು ಹಳಿಯಲಾರೆ. ಅವರಿಗೆ ಆ ಚಿತ್ರ ಸಿಕ್ಕಿದ್ದೇ ಅಂಗೈಯಗಲದ ಗಾಜಿನಲ್ಲಿ. ನಿರ್ದೇಶಕ ಕಷ್ಟಪಟ್ಟು ಸೆರೆಹಿಡಿದ ಕತ್ತಲೆಯ ದೃಶ್ಯಗಳು ಬಂದಾಗಲೆಲ್ಲ ಹಗಲಿನ ಜಗಲಿಯಲ್ಲಿ ಕುಳಿತ ಅವರಿಗೆ ಕಂಡದ್ದು ತಮ್ಮದೇ ಮುಖ. ಹಾಗೆ ಉಳಿಸಿದ ನಲವತ್ತು ನಿಮಿಷಗಳಲ್ಲಿ ಏನು ಮಾಡಿದಿರೆಂದು ಕೇಳಿದೆ. ಕೊನೆಯ ದೃಶ್ಯ ಅರ್ಥವಾಗದ್ದರಿಂದ ಆ ಚಿತ್ರವನ್ನು ವಿವರಿಸುವ ವಿಡಿಯೋಗಳನ್ನು ನೋಡಿದರಂತೆ. ಅವುಗಳನ್ನು ಮಾಮೂಲಿ ವೇಗದಲ್ಲಿ, ಒಂದನ್ನಂತೂ ಎರಡು ಸಲ.