ಮರ್ಖಾ ಕಣಿವೆಗೆ ಹೋಗ್ತೀರಾ? ಒಂದು ರಾತ್ರಿ ಜಾಸ್ತಿ ಕೇಳಿ

ಪುಣೆಯಲ್ಲಿರುವ ನಮ್ಮ ಕನ್ನಡದವರ ಟ್ರೆಕ್ಕಿಂಗ್ ಬಳಗದಲ್ಲಿ ಏಪ್ರಿಲ್ ಬಂತೆಂದರೆ ಲಡಾಖ್ ಮಾತು ಶುರು. ಈ ಸಲ ಎಲ್ಲರ ಬಾಯಲ್ಲೂ ಮರ್ಖಾ ಕಣಿವೆ. ವಾಟ್ಸಾಪ್ ಗ್ರೂಪಿನಲ್ಲಿ ದಿನಕ್ಕೊಂದು ಪ್ಯಾಕೇಜಿನ ಪೋಸ್ಟರ್ ಬೀಳುತ್ತಿದೆ. ಜನ ಮೊದಲು ನೋಡುವುದು ರೇಟು, ಆಮೇಲೆ ದಿನ. ದಿನ ಕಡಿಮೆ ಇದ್ದಷ್ಟೂ ಖುಷಿ, ರಜೆಯೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ. ನನಗೆ ಭಯವಾಗುವುದು ಅಲ್ಲೇ. ದಯವಿಟ್ಟು ಎಲ್ಲಕ್ಕಿಂತ ಕಡಿಮೆ ದಿನದ ಪ್ಯಾಕೇಜು ತಗೋಬೇಡಿ. ದಿನ ಉಳಿಸಿದ್ದು ಎಲ್ಲಿಂದ ಅಂತ ಕೇಳಿ. ಊಟದಲ್ಲಿ, ಟೆಂಟಿನಲ್ಲಿ ಉಳಿಸಿದ್ದರೆ ಹೇಗೋ ನಡೆಯುತ್ತದೆ. ಮೈ ಎತ್ತರಕ್ಕೆ ಒಗ್ಗಿಕೊಳ್ಳಬೇಕಾದ ರಾತ್ರಿಗಳಲ್ಲಿ ಉಳಿಸಿದ್ದರೆ ಮಾತ್ರ ಒಪ್ಪಬೇಡಿ.

ನಾವು ಸಹ್ಯಾದ್ರಿಯಲ್ಲಿ ಪಳಗಿದ ಮಂದಿ. ಕಾತ್ರಜ್‌ನಿಂದ ಸಿಂಹಗಡದವರೆಗೆ ರಾತ್ರಿಯಿಡೀ ಗುಡ್ಡ ಹತ್ತಿ ಇಳಿದು, ಬೆಳಿಗ್ಗೆ ಗಡದ ಮೇಲೆ ಪಿಠಲಾ ಭಾಕರಿ ತಿಂದು, ಸೋಮವಾರ ಹಿಂಜವಡಿಯ ಆಫೀಸಿನಲ್ಲಿ ಕೂತಿರುವವರು ನಮ್ಮಲ್ಲಿದ್ದಾರೆ. ರಾಜಗಡದಿಂದ ತೋರಣಾಕ್ಕೆ ಒಂದೇ ಹಗಲಲ್ಲಿ ಹೋಗುವವರಿದ್ದಾರೆ. ಕಾಲು ಗಟ್ಟಿ, ದಮ್ಮೂ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಹಾರಾಷ್ಟ್ರದಲ್ಲೇ ಎತ್ತರದ ಕಳಸೂಬಾಯಿ 1,646 ಮೀಟರ್. ನಮ್ಮ ಮುಳ್ಳಯ್ಯನಗಿರಿಯೂ 2,000 ಮುಟ್ಟುವುದಿಲ್ಲ. ಪುಣೆ ಇರುವುದು ಸುಮಾರು 560 ಮೀಟರಿನಲ್ಲಿ. ಬೆಳಗಿನ ವಿಮಾನ ಹಿಡಿದು ದೆಹಲಿ ಮೇಲೆ ಲೇಹ್‌ಗೆ ಹೋದರೆ, ಮಧ್ಯಾಹ್ನದ ಊಟದ ಹೊತ್ತಿಗೆ ನಾವು 3,500 ಮೀಟರಿನಲ್ಲಿರುತ್ತೇವೆ. ಒಂದು ಹೆಜ್ಜೆಯೂ ಹತ್ತದೆ!

ಅಲ್ಲಿಯ ಗಾಳಿಯಲ್ಲೂ ಆಮ್ಲಜನಕದ ಪಾಲು ಅಷ್ಟೇ, ನೂರಕ್ಕೆ ಇಪ್ಪತ್ತೊಂದು. ಕಡಿಮೆಯಾಗುವುದು ಗಾಳಿಯ ಒತ್ತಡ. ಮರ್ಖಾ ಹಾದಿಯ ಕೊನೆಯಲ್ಲಿ ದಾಟುವ ಪಾಸ್, ಅಂದರೆ ಬೆಟ್ಟಸಾಲು ದಾಟುವ ದಾರಿ, ಕೊಂಗ್ಮಾರು ಲಾ ಸುಮಾರು 5,200 ಮೀಟರ್. ಅಲ್ಲಿ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಂದೊಂದು ಉಸಿರಿಗೂ ಒಳಗೆ ಹೋಗುವ ಆಮ್ಲಜನಕ ಹತ್ತಿರ ಹತ್ತಿರ ಅರ್ಧ. ಮೈ ಇದಕ್ಕೆ ದಾರಿ ಹುಡುಕಿಕೊಳ್ಳುತ್ತದೆ. ಉಸಿರು ಜೋರಾಗುತ್ತದೆ, ಮೂತ್ರ ಜಾಸ್ತಿ ಬರುತ್ತದೆ, ರಕ್ತ ನಿಧಾನವಾಗಿ ಬದಲಾಗುತ್ತದೆ. ಇದಕ್ಕೆ ದಿನಗಳೇ ಬೇಕು. ಜಿಮ್ಮಿಗೆ ಹೋದವರಿಗೂ ಅಷ್ಟೇ ದಿನ, ಹೋಗದವರಿಗೂ ಅಷ್ಟೇ ದಿನ. ಫಿಟ್ ಇದ್ದವರಿಗೆ ತಲೆನೋವು ಬರುವುದಿಲ್ಲ ಅನ್ನುವುದು ಸುಳ್ಳು. ಎಷ್ಟೋ ಸಲ ಅವರಿಗೇ ಮೊದಲು ಬರುತ್ತದೆ, ಯಾಕೆಂದರೆ ಅವರು ಬೇಗ ಬೇಗ ಮೇಲೇರಿಬಿಡುತ್ತಾರೆ.

ಪರ್ವತದ ಡಾಕ್ಟರುಗಳು ಹೇಳುವ ಲೆಕ್ಕ ಸುಲಭ. 3,000 ಮೀಟರ್ ದಾಟಿದ ಮೇಲೆ, ಇವತ್ತು ಮಲಗುವ ಜಾಗ ನಿನ್ನೆ ಮಲಗಿದ್ದಕ್ಕಿಂತ 500 ಮೀಟರಿಗಿಂತ ಮೇಲಿರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಹಗಲಲ್ಲಿ ಎಷ್ಟು ಹತ್ತಿದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ.

ಈಗ ಆ ಪೋಸ್ಟರು ತೆಗೆದು ಒಂದೊಂದು ರಾತ್ರಿಯ ಪಕ್ಕದಲ್ಲೂ ಎತ್ತರ ಬರೆಯಿರಿ. ಸ್ಕಿಯು ಸುಮಾರು 3,400. ಮರ್ಖಾ ಹಳ್ಳಿ 3,700ರ ಮೇಲೆ. ಕಣಿವೆಯ ಕೊನೆಯ ಊರು ಹಂಕರ್, ಸುಮಾರು 4,000. ಇಲ್ಲಿಯವರೆಗೆ ಎಲ್ಲಾ ಸರಿ. ಆಮೇಲೆ ನಿಮಲಿಂಗ್, 4,700ರ ಮೇಲೆ. ಹಂಕರ್‌ನಿಂದ ನಿಮಲಿಂಗ್‌ಗೆ ಒಂದೇ ದಿನ ಅಂತ ಬರೆದಿದ್ದರೆ ಏಳುನೂರು ಮೀಟರಿಗೂ ಜಾಸ್ತಿ ಆಯ್ತು. ಮಧ್ಯದಲ್ಲಿ 4,250ರ ಆಸುಪಾಸು ತಾಚುಂಗ್ಸೆ ಅಂತ ಒಂದು ಬಯಲಿದೆ. ಊರಲ್ಲ, ಹೊಳೆಯ ಪಕ್ಕ ಟೆಂಟು ಹಾಕುವ ಜಾಗ. ದಿನ ಉಳಿಸುವ ಪ್ಯಾಕೇಜುಗಳಲ್ಲಿ ಮೊದಲು ಕೈಬಿಡುವುದು ಇದನ್ನೇ. ಹೆಸರು ನೋಡಿದರೆ ಏನೂ ಅನ್ನಿಸುವುದಿಲ್ಲ, ಅಲ್ವಾ? ನನಗೆ ಇಡೀ ಹಾದಿಯಲ್ಲಿ ಅತಿ ಮುಖ್ಯವಾದ ರಾತ್ರಿ ಅದು.

ನಾನು ಹೋದ ಬ್ಯಾಚು ತಾಚುಂಗ್ಸೆಯಲ್ಲಿ ಚಹಾಕ್ಕೆ ಮಾತ್ರ ನಿಂತು ಮುಂದೆ ಹೋಯಿತು. ನಮ್ಮ ಜೊತೆ ವಿಜಯಪುರದ ಹುಡುಗನೊಬ್ಬನಿದ್ದ, ಚಾಕಣದ ಕಾರ್ಖಾನೆಯಲ್ಲಿ ಕೆಲಸ, ಮ್ಯಾರಥಾನ್ ಓಡುವವನು. ಎಲ್ಲರಿಗಿಂತ ಮೊದಲು ನಿಮಲಿಂಗ್ ಮುಟ್ಟಿದವನು ಅವನೇ. ದೊಡ್ಡ ಹುಲ್ಲುಗಾವಲು, ಎದುರಿಗೆ ಕಾಂಗ್ ಯಾತ್ಸೆ ಶಿಖರ, ಬಿಲದ ಬಾಯಲ್ಲಿ ನಿಂತು ಸೀಟಿ ಹೊಡೆಯುವ ಮಾರ್ಮೋಟುಗಳು. ಸಂಜೆ ಕುರಿಗಳು ವಾಪಸ್ ಬರುವ ಹೊತ್ತಿಗೆ ಅವನು ಊಟದ ಟೆಂಟಿಗೆ ಬರಲಿಲ್ಲ. ತಲೆನೋವು ಅಂದ. ಮಧ್ಯಾಹ್ನದಿಂದಲೇ ಇತ್ತಂತೆ, ಮಾತ್ರೆ ನುಂಗಿ ಸುಮ್ನೆ ಇದ್ದ. ನಮ್ಮ ಗೈಡ್ ಝನ್ಸ್ಕಾರ್ ಕಡೆಯವರು, ಮಾತು ಕಡಿಮೆ. ಕೋಲಿನಿಂದ ಮಣ್ಣಲ್ಲಿ ಒಂದು ಗೆರೆ ಎಳೆದರು. ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತಾ ಗೆರೆ ಮೇಲೆ ನಡೆ ಅಂದರು. ಹುಡುಗ ಮೂರನೇ ಹೆಜ್ಜೆಗೆ ಪಕ್ಕಕ್ಕೆ ವಾಲಿದ. ಇನ್ನೊಮ್ಮೆ ನಡೆಸಿದರು. ಮತ್ತೆ ವಾಲಿದ. ಅವರು ಮರು ಮಾತಾಡದೆ ಕುದುರೆ ತರಿಸಿದರು. ಮೆದುಳಿನಲ್ಲಿ ನೀರು ತುಂಬಲು ಶುರುವಾದಾಗ ಕಾಣುವ ಗುರುತು ಅದು. ಬೆಳಗಿನವರೆಗೆ ನೋಡೋಣ ಅಂತ ಕಾಯುವ ಕಾಯಿಲೆಯಲ್ಲ. ಕತ್ತಲಲ್ಲೇ ಟಾರ್ಚ್ ಹಿಡಿದು ಅವನನ್ನು ಹಂಕರ್‌ಗೆ ಇಳಿಸಿದರು. ಮರುದಿನ ಅಲ್ಲಿ ಎದ್ದು ಕೂತು ಥುಕ್ಪಾ ಕುಡಿದನಂತೆ. ಇಳಿಸಿದ್ದೇ ಔಷಧ.

ಗಮನಿಸಿ, ನಿಮಲಿಂಗ್‌ನಿಂದ ಮುಂದೆ ಹೋಗಿ ಆಸ್ಪತ್ರೆ ಸೇರುತ್ತೇನೆ ಅಂದರೆ ಮೊದಲು ಆ 5,200 ಮೀಟರ್ ಹತ್ತಲೇಬೇಕು. ಹಿಂದೆ ಬಂದರೆ ಕಣಿವೆಯುದ್ದಕ್ಕೂ ವಾಪಸ್ ಇಳಿಯಬೇಕು. ಅಲ್ಲಿ ಮೊಬೈಲ್ ಸಿಗ್ನಲ್ ನಂಬಿ ಕೂರುವಂತಿಲ್ಲ. ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಂಡರೆ ನಮ್ಮ ದೇಶದಲ್ಲಿ ಅಪರಾಧ. ಇಂಥ ಜಾಗದಲ್ಲಿ ಗೈಡ್ ಮಾತೇ ಕೊನೆಯ ಮಾತು ಆಗಬೇಕು.

ಆದರೆ ಆಗ ನಮ್ಮ ಬ್ಯಾಚಿನಲ್ಲಿ ನಡೆದ ಮಾತು ಕೇಳಿ ನನಗೆ ನಿಜವಾಗಿ ಬೇಸರವಾಯಿತು. "ಇಷ್ಟು ದುಡ್ಡು ಕೊಟ್ಟು ಬಂದಿದ್ದೀವಿ, ಅವನಿಗೆ ಪಾಸ್ ಮಿಸ್ ಮಾಡಿಸಿದ್ರಲ್ಲ" ಅಂತ ಒಬ್ಬರು. "ರಿವ್ಯೂ ಬರೀತೀನಿ" ಅಂತ ಇನ್ನೊಬ್ಬರು. ಒಂದು ಸ್ಟಾರ್ ಬಿದ್ದರೆ ಮುಂದಿನ ಸೀಸನ್ನಿನಲ್ಲಿ ಆ ಗೈಡಿಗೆ ಕೆಲಸ ಕಡಿಮೆಯಾಗಬಹುದು. ಅಲ್ಲಿ ಸೀಸನ್ ಇರುವುದೇ ಜೂನ್‌ನಿಂದ ಸೆಪ್ಟೆಂಬರ್. ಒಬ್ಬನ ಜೀವ ಉಳಿಸಿದ್ದಕ್ಕೆ ಕೂಲಿ ಕಳೆದುಕೊಳ್ಳುವ ಭಯ ಯಾಕಿರಬೇಕು? ವಾಪಸ್ ಕಳಿಸಿದ ಗೈಡಿಗೆ ಐದು ಸ್ಟಾರ್ ಕೊಡಿ, ಯಾಕೆ ಅಂತ ಬರೆಯಿರಿ. ಮುಂದೆ ಬುಕ್ ಮಾಡುವವರು ಅದನ್ನು ಓದಲಿ.

ಗುಂಪಿನಲ್ಲಿ ಹೋಗುವಾಗ ಇನ್ನೊಂದು ಕಷ್ಟ ಇದೆ. ತಲೆನೋವು ಅಂತ ಬಾಯಿಬಿಟ್ಟರೆ ಎಲ್ಲರೂ ನಿಲ್ಲಬೇಕಾಗುತ್ತದೆ ಅಂತ ಜನ ಮುಚ್ಚಿಡುತ್ತಾರೆ. ಅದರಲ್ಲೂ ನಮ್ಮ ಹೆಣ್ಣುಮಕ್ಕಳು. "ನನ್ನಿಂದ ಬೇರೆಯವರಿಗೆ ತೊಂದರೆ ಆಗಬಾರದು" ಅನ್ನುವುದು ಮನೆಯಲ್ಲೇ ಕಲಿತುಬಿಟ್ಟಿರುತ್ತೇವೆ. ಪ್ಲಾನಿನಲ್ಲಿ ಒಂದು ದಿನ ಬಿಡುವಿದ್ದರೆ ಹೇಳುವುದು ಸುಲಭ. ನಿಮಿಷಕ್ಕೆ ನಿಮಿಷ ಲೆಕ್ಕ ಹಾಕಿದ ಪ್ಲಾನಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ ಕೆಟ್ಟ ಹವೆಗೆ ಸಿಕ್ಕಿತು. 9 ಜನ ತೀರಿಕೊಂಡರು. ಆ ದಿನಗಳಲ್ಲಿ ನಮ್ಮ ಗ್ರೂಪಿನಲ್ಲಿ ಯಾರಿಗೂ ಬೇರೆ ಮಾತು ಬರಲಿಲ್ಲ. ಅಲ್ಲಿ ಯಾರದು ತಪ್ಪು ಅಂತ ಇಲ್ಲಿ ಕೂತು ಹೇಳುವುದು ನನ್ನ ಕೆಲಸವಲ್ಲ. ಆದರೆ ಅಷ್ಟು ಎತ್ತರದಲ್ಲಿ ಹವಾಮಾನ ಕೆಟ್ಟರೆ ಒಂದು ದಿನ ಕಾಯುವ ಅವಕಾಶ ನಮ್ಮ ಪ್ಲಾನಿನಲ್ಲಿ ಇದೆಯಾ ಅಂತ ನಾವು ಕೇಳಿಕೊಳ್ಳಲೇಬೇಕು. ವಿಮಾನದ ಟಿಕೆಟ್ ಮರುದಿನಕ್ಕೇ ಇದ್ದರೆ ಯಾರು ಕಾಯುತ್ತಾರೆ?

ಎತ್ತರದ ಕಾಯಿಲೆಗೆ ಡಯಾಮಾಕ್ಸ್ ಮಾತ್ರೆ ಇದೆಯಲ್ಲ ಅನ್ನುವವರಿಗೆ: ಅದು ಮೈ ಒಗ್ಗಿಕೊಳ್ಳಲು ಸಹಾಯ ಮಾಡುತ್ತದೆ, ದಿನಗಳ ಬದಲಿಗೆ ಬರುವುದಿಲ್ಲ. ಸಲ್ಫಾ ಔಷಧಿ ಆಗದವರು ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ.

ಜಾಸ್ತಿ ದಿನ ಇದ್ದರೆ ಬೇಜಾರಾಗುತ್ತೆ ಅಂತಾರೆ. ಮರ್ಖಾದಲ್ಲಿ? ಅಲ್ಲಿ ಹೋಮ್‌ಸ್ಟೇಗಳಿವೆ. ಹಿಮಚಿರತೆ ಕುರಿ ಹಿಡಿದರೆ ಊರವರು ಅದನ್ನು ಕೊಲ್ಲದಿರಲಿ, ಬರುವ ಚಾರಣಿಗರಿಂದ ಅವರಿಗೂ ನಾಲ್ಕು ಕಾಸು ಸಿಗಲಿ ಅಂತ ಹೇಮಿಸ್ ರಾಷ್ಟ್ರೀಯ ಉದ್ಯಾನದ ಹಳ್ಳಿಗಳಲ್ಲಿ ಇವು ಬೆಳೆದವು. ಅಡುಗೆಮನೆಯ ಗೋಡೆ ತುಂಬಾ ತಾಮ್ರ ಹಿತ್ತಾಳೆಯ ಪಾತ್ರೆಗಳು. ಕೆಳಗಿನ ಚಿಲಿಂಗ್ ಊರಿನ ಕಸುಬುದಾರರು ಈ ಕೆಲಸಕ್ಕೆ ಹೆಸರಾದವರು. ಒಲೆಯ ಪಕ್ಕ ಕೂತು ಬಾರ್ಲಿ ಹಿಟ್ಟಿನ ತ್ಸಾಂಪಾವನ್ನು ಬೆಣ್ಣೆ ಚಹಾದಲ್ಲಿ ಕಲಸಿ ತಿನ್ನುತ್ತಾ, ಮನೆಯಾಕೆ ಹೊಲಕ್ಕೆ ನೀರು ತಿರುಗಿಸಿ ಬರುವುದನ್ನು ನೋಡುವುದಕ್ಕೆ ಒಂದು ದಿನ ಸಾಲದು. ಬೆಳಿಗ್ಗೆ ಮೊಣಕಾಲಿಗಿರುವ ಹೊಳೆ ಮಧ್ಯಾಹ್ನ ಹಿಮ ಕರಗಿ ತೊಡೆಗೆ ಬರುತ್ತದೆ. ಅದಕ್ಕೇ ಅಲ್ಲಿಯವರು ಬೆಳಿಗ್ಗೆಯೇ ದಾಟುತ್ತಾರೆ. ಓಡುವವರಿಗೆ ಇದ್ಯಾವುದೂ ಕಾಣುವುದಿಲ್ಲ.

ಆಗಸ್ಟಿಗೆ ನಾನು ಗ್ರೂಪಿನಲ್ಲಿ ಹಾಕಿರುವ ಪ್ಲಾನು ಇದು. ಶನಿವಾರ ಪುಣೆಯಿಂದ ಹೊರಟು ಲೇಹ್‌ನಲ್ಲಿ ಮೂರು ರಾತ್ರಿ. ಸ್ಕಿಯುನಲ್ಲಿ ಒಂದು, ಮರ್ಖಾದಲ್ಲಿ ಎರಡು, ಹಂಕರ್, ತಾಚುಂಗ್ಸೆ, ನಿಮಲಿಂಗ್ ಒಂದೊಂದು. ಪಾಸ್ ದಾಟಿ ಶಾಂಗ್ ಸುಮ್ದೊಗೆ ಇಳಿದು ಲೇಹ್‌ನಲ್ಲಿ ಒಂದು ರಾತ್ರಿ. ಹವೆ ಕೆಟ್ಟರೆ ಕಾಯಲು ಇನ್ನೊಂದು ದಿನ ಕೈಯಲ್ಲಿ. ಆಫೀಸಿಗೆ ಎಂಟು ದಿನದ ರಜೆ ಬೇಕು. ಪೋಸ್ಟರಿನವರಿಗಿಂತ ದುಡ್ಡು ಜಾಸ್ತಿ ಆಗುತ್ತದೆ, ಅದನ್ನೂ ಈಗಲೇ ಹೇಳಿದ್ದೇನೆ. ಬರುವವರು ಈ ತಿಂಗಳ ಕೊನೆಯೊಳಗೆ ರಜೆಗೆ ಅರ್ಜಿ ಹಾಕಿ, ನನಗೆ ತಿಳಿಸಿ.